ದೇವರೆತ್ತಿನ ಬೆನ್ನು

ಗಣೆಯ ದನಿ ನಡುವೆಯೇ ಕಡಿದುಹೋಯಿತು. ಜುಂಜಪ್ಪ ದೇವರ ಗುಡಿಯ ಮುಳ್ಳುಬೇಲಿಯೊಳಗೆ ಕೂತಿದ್ದವರೆಲ್ಲ ಒಮ್ಮೆ ತಲೆ ಎತ್ತಿದರು. ಜುಂಜೇಶ ಉದ್ದನೆಯ ಆ ಬಿದಿರು ಕೊಳಲನ್ನು ತುಟಿಯಿಂದ ತೆಗೆಯಲಿಲ್ಲ. ಇನ್ನೊಮ್ಮೆ ಉಸಿರೆಳೆದ. ಎದೆ ಅರ್ಧದಷ್ಟು ಉಬ್ಬಿ, ಹಗ್ಗ ಬಿಗಿದ ಕೊಬ್ಬರಿ ಮೂಟೆಯ ಹಾಗೆ ಅಲ್ಲಿಗೇ ನಿಂತಿತು. ಮೊದಲಾದರೆ ದೇವರ ಪದ ಹೇಳುವವರ ದನಿಗಿಂತ ಅವನ ಉಸಿರೇ ಒಂದು ಗೇಣು ಮುಂದೆ ಹೋಗುತ್ತಿತ್ತು. ಈಗ ಬಂದದ್ದು ಒಣಗರಿ ಗಾಳಿಗೆ ಕೆರೆದಂಥ ಸದ್ದು.

ಪೂಜಾರಿ ಚಿತ್ತಯ್ಯ ಮಂಗಳಾರತಿ ಮುಗಿಸಿದ. ಜನ ಎದ್ದುಹೋದ ಮೇಲೆ ಜುಂಜೇಶನ ಪಕ್ಕಕ್ಕೆ ಬಂದು ಕೂತ.

"ಹೋದ್ ಸೋಮ್ವಾರಾನೂ ಹಿಂಗೇ ಆಯ್ತು. ನಿನ್ ತಪ್ಪಲ್ಲ ಕಣಪ್ಪ, ನಂಗೊತ್ತು. ಇದು ಸಿರಿಯಪ್ಪನ ದೋಷ. ಅವ್ನ ಮೇಲಿದ್ದದ್ದು ನಿನ್ ಮೇಲೆ ತಿರುಗೈತೆ. ಮುಂದಿನ್ ಸೋಮ್ವಾರದೊಳಗೆ ಅವ್ನು ಹಟ್ಟಿ ಗಡಿ ದಾಟ್ಲಿ. ನೀನು ಊಟ ಕಳ್ಸು, ಬ್ಯಾಡ ಅನ್ನಲ್ಲ. ಕಣ್ಣೆದುರಿಗೆ ಮಾತ್ರ ಇರಾದ್ ಬ್ಯಾಡ."

ಸಿರಿಯಪ್ಪ ಜುಂಜೇಶನ ದೊಡ್ಡಪ್ಪ. ಅವನ ಕಥೆ ಗೊತ್ತಿಲ್ಲದ ಮಗು ಆ ಹಟ್ಟಿಯಲ್ಲಿರಲಿಲ್ಲ. ಅವನ ಹರೆಯದಲ್ಲಿ ಒಮ್ಮೆ ದೇವರೆತ್ತು ಅವನ ರಾಗಿ ಹೊಲಕ್ಕೆ ನುಗ್ಗಿತಂತೆ. ದೇವರಿಗೆ ಬಿಟ್ಟ ಎತ್ತಿಗೆ ನೊಗ ಹೂಡುವುದಿಲ್ಲ, ಕೋಲು ತಾಗಿಸುವುದಿಲ್ಲ. ಬೆಳೆ ಮೇಯುತ್ತಿದ್ದರೂ ಕೈ ಮುಗಿದು ಆಚೆಗೆ ಕರೆಯಬೇಕು. ಸಿರಿಯಪ್ಪ ಸಿಟ್ಟಿನಲ್ಲಿ ಕೋಲು ಬೀಸಿದ. ಏಟು ಎತ್ತಿನ ಬೆನ್ನಿಗೆ ಬಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಅವನ ಬೆನ್ನು ಹಿಡಿದುಕೊಂಡಿತು, ಆಮೇಲೆ ಬಾಗತೊಡಗಿತು. ಗುಡಿಗೆ ತಪ್ಪುಗಾಣಿಕೆ ಕೊಟ್ಟ, ಉರುಳುಸೇವೆ ಮಾಡಿದ. ಬೆನ್ನು ಬಾಗುತ್ತಲೇ ಹೋಯಿತು. ಯಾರೂ ಹೆಣ್ಣು ಕೊಡಲಿಲ್ಲ. ತೆಂಗಿನ ತೋಟದ ಅಂಚಿಗೆ ಒಂದು ಗುಡಿಸಲು ಹಾಕಿಕೊಂಡು, ದೇವರೆತ್ತುಗಳ ಕಲ್ಲುಬಾನಿಗೆ ದಿನವೂ ನೀರು ತುಂಬುತ್ತ ಅಲ್ಲಿಯೇ ಮುದುಕನಾದ. ಈಗ ನಿಂತರೂ ಅವನ ಮುಖ ನೆಲದ ಕಡೆಗೇ.

ಜುಂಜೇಶನ ಬಾಯಿಯವರೆಗೆ ಒಂದು ಮಾತು ಬಂದಿತ್ತು. ಅದನ್ನು ನುಂಗಿಕೊಂಡು ಎದ್ದ.

ಆ ಮಾತು ಅವನೊಳಗೆ ಸೇರಿ ವರ್ಷದ ಮೇಲಾಗಿತ್ತು. ಅವನು ಹುಳಿಯಾರಿನ ಕೊಬ್ಬರಿ ಮಂಡಿಯಲ್ಲಿ ರೈಟರ್. ಬೆಳಗ್ಗೆ ಎಚ್ಚರವಾದರೆ ಮಗ್ಗುಲು ಬದಲಿಸಲಾಗುತ್ತಿರಲಿಲ್ಲ. ಗೋಡೆ ಹಿಡಿದು ಎದ್ದು, ಯಾರ ಕಣ್ಣಿಗೂ ಬೀಳದಂತೆ ದನದ ಕೊಟ್ಟಿಗೆಯ ಹಿಂದೆ ಅಡ್ಡಾಡಿ, ಮೈ ಸಡಿಲವಾದ ಮೇಲೆ ಮನೆಯೊಳಕ್ಕೆ ಬರುತ್ತಿದ್ದ. ಹೊತ್ತೇರಿದ ಮೇಲೆ ಎಲ್ಲರಂತೆ ಮೂಟೆಗೂ ಕೈ ಕೊಡುತ್ತಿದ್ದ. "ಹೊತ್ತಾರೆ ಮುದುಕ, ಮಧ್ಯಾಹ್ನ ಮದ್ಲಿಂಗ" ಎಂದು ಅವನ ಅವ್ವ ಕ್ಯಾತಮ್ಮ ರೊಟ್ಟಿ ತಟ್ಟುತ್ತ ಹಂಗಿಸುತ್ತಿದ್ದಳು. ಅವಳಿಗೆ ಅದು ಸೋಮಾರಿತನ.

ತುಮಕೂರಿನ ಡಾಕ್ಟರು ಅವನ ಎದೆಗೆ ಟೇಪು ಸುತ್ತಿ ಉಸಿರೆಳೆಯಲು ಹೇಳಿದ್ದರು. ಟೇಪು ಹೆಚ್ಚೇನೂ ಸರಿಯಲಿಲ್ಲ. ಎಕ್ಸರೇ ನೋಡಿ, ಚೀಟಿಯ ಮೇಲೆ ಒಂದು ಉದ್ದನೆಯ ಹೆಸರು ಬರೆದು, "ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಹಿಡಿತದಲ್ಲಿ ಇಟ್ಕೋಬೇಕು, ಅಷ್ಟೆ" ಅಂದರು. ಹೊರಗೆ ಜನ ಕಾಯುತ್ತಿದ್ದರು. ಇವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದ.

ಹುಳಿಯಾರು ಬಸ್‌ಸ್ಟ್ಯಾಂಡಿನ ಎದುರು ತಿಮ್ಮೇಶ ಹೊಸದಾಗಿ ಸೈಬರ್ ಅಂಗಡಿ ಇಟ್ಟಿದ್ದ. ಜೆರಾಕ್ಸು, ಲ್ಯಾಮಿನೇಷನ್ನು, ರಿಸಲ್ಟು, ಜಾತಕ ಎಲ್ಲವೂ ಅಲ್ಲೇ. ಜುಂಜೇಶ ಕೊಟ್ಟ ಚೀಟಿಯನ್ನು ಅವನು ದೂರ ಹಿಡಿದು ಓದಿದ.

"ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಇದೇನ್ ಗುರೂ, ರೋಗನೋ ರೈಲ್ವೆ ಸ್ಟೇಷನ್ನೋ?"

"ಸುಮ್ನೆ ಹೊಡಿಯೋ. ನಮ್ ಪರಿಚಯದೋರ್ಗೆ ಬೇಕಿತ್ತು."

ಬೆನ್ನುಮೂಳೆಯ ಕೀಲುಗಳಿಗೆ ಒಳಗೊಳಗೇ ಉರಿ ಹತ್ತಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಮೂಳೆಗೆ ಮೂಳೆ ಬೆಸೆದುಕೊಳ್ಳಬಹುದು, ಪಕ್ಕೆಲುಬಿಗೂ ಬಂದರೆ ಎದೆ ಹಿಗ್ಗುವುದು ಕಡಿಮೆಯಾಗುತ್ತದೆ. ಪಿಯುಸಿಯಲ್ಲಿ ತನಗೆ ಕೈಕೊಟ್ಟಿದ್ದ ಇಂಗ್ಲಿಷಿನಲ್ಲಿ ಜುಂಜೇಶ ಇಷ್ಟನ್ನು ಬಿಡಿಸಿಕೊಂಡ. ಆಮೇಲೆ ಆ ಕಂಪ್ಯೂಟರಿನಲ್ಲೇ ಅದೇ ರೋಗದವರ ಒಂದು ಗುಂಪು ಸಿಕ್ಕಿತು. ಯಾವಯಾವುದೋ ದೇಶದವರು ತಮ್ಮ ಬೆಳಗುಗಳ ಬಗ್ಗೆ ಅಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬನಿಗೆ ಅಂದು ಕಾಲುಚೀಲ ಹಾಕಿಕೊಳ್ಳಲು ಹೆಂಡತಿ ಬೇಕಾಗಿದ್ದಳು. ಒಬ್ಬಳು ಮಗುವನ್ನು ಎತ್ತಿಕೊಳ್ಳಲಾಗದೆ ನೆಲದ ಮೇಲೇ ಕೂತು ಹಾಲೂಡಿಸಿದ್ದಳು. ಜುಂಜೇಶ ಅದನ್ನು ಎರಡೆರಡು ಸಲ ಓದಿದ. ತನ್ನ ಕೊಟ್ಟಿಗೆಯ ಹಿಂದೆ ಇಷ್ಟೊಂದು ಜನ ಅಡ್ಡಾಡುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಅವರಲ್ಲಿ ಒಬ್ಬರು ಮಳವಳ್ಳಿಯ ಶ್ರೀರಂಗಯ್ಯ, ಅಂಚೆ ಕಚೇರಿಯಲ್ಲಿ ಕೆಲಸ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಮಲಗಿದಷ್ಟೂ ಬಿಗಿಯುತ್ತದೆ, ನಡೆಯುತ್ತಿರಿ, ಮಾತ್ರೆ ಬಿಡಬೇಡಿ, ಎಂದು ಬರೆದರು. ಒಂದು ದಿನ ಹೀಗೆ ಕೇಳಿದರು: "ಇದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ. ನಿಮ್ಮ ಕಡೆ ಯಾರಿಗಾದರೂ ಬೆನ್ನು ಬಾಗಿದೆಯೇ?"

ಜುಂಜೇಶ ಉತ್ತರ ಬರೆಯದೆ ಎದ್ದುಬಂದ. ಆಮೇಲೆ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಗುಡಿಯಲ್ಲಿ ಗಣೆ ಕಡಿದ ಆ ಸೋಮವಾರ ಸಂಜೆಯೇ ಅವನು ತೋಟದಂಚಿಗೆ ಹೋದಾಗ ಸಿರಿಯಪ್ಪ ಕಂಬಳಿ ಮಡಿಸುತ್ತಿದ್ದ. ಒಂದು ಚೊಂಬು, ಒಂದು ತಟ್ಟೆ ಆಗಲೇ ಗಂಟಾಗಿದ್ದವು.

"ಯಾರು, ಕ್ಯಾತಮ್ಮನ ಮಗನಾ? ಹಿಮ್ಮಡಿ ನೋಡಿದ್ರೆ ಹಂಗೇ ಕಾಣ್ತದೆ."

"ನಾನೇ ದೊಡ್ಡಪ್ಪ. ಎಲ್ಲಿಗ್ ಹೊಂಟೆ?"

"ಬೋರನಕಣಿವೆ ಕಡೀಕೆ. ಕುರಿ ರೊಪ್ಪದಾಗೆ ಗುರ್ತದೋರು ಅವ್ರೆ. ಚಿತ್ತಯ್ಯ ಹೇಳ್ಕಳ್ಸಿದ್ದ."

"ಅಷ್ಟು ದೂರ, ಈ ಬೆನ್ನು ಹೊತ್ಕಂಡು?"

"ಇನ್ನೇನ್ಲಾ, ಇಲ್ಲೇ ಬಿಚ್ಚಿಟ್ ಹೋಗ್ಲಾ?"

ಮುದುಕ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಚಿತ್ತಯ್ಯ ಹೇಳ್ದಿದ್ರೂ ಹೋಗ್ತಿದ್ದೆ. ನಾನ್ ನೋಡ್ತಾನೇ ಇವ್ನಿ ಕಣ್ಲಾ. ಮಂದಿ ಮಕ ಕಂಡು ನಂಗೆ ಎಷ್ಟ್ ಕಾಲಾತೋ. ನಂಗೆ ಕಾಣೋದೆಲ್ಲ ಕಾಲು. ನಿನ್ ಕಾಲು ಹೊತ್ತಾರೆ ನೆಲ ಎಳೀತವೆ, ಹೊತ್ತೇರಿದ್ ಮೇಲೆ ಸರಿಯಾಯ್ತವೆ. ನಂಗೂ ಹಂಗೇ ಸುರುವಾಗಿದ್ದು. ನಾನ್ ಹೊಡ್ದ ಏಟು ನಿನ್ ಮೇಲ್ ಬಿತ್ತಲ್ಲೋ, ಮಗ."

ಜುಂಜೇಶ ಬಾಗಿಲ ಕಲ್ಲಿನ ಮೇಲೆ ಕೂತ. ಈ ಮುದುಕನ ನೆರಳು ದಾಟಬೇಡ ಎಂದು ಚಿಕ್ಕಂದಿನಲ್ಲಿ ಅವನಿಗೆ ಹೇಳಿಕೊಟ್ಟಿದ್ದರು. ಅದೇ ಮುದುಕ ಇವನ ಹೆಜ್ಜೆಗಳನ್ನು ಇಷ್ಟು ದಿನ ಕಾಯುತ್ತ ಕೂತಿದ್ದ.

"ಅದು ಏಟಲ್ಲ ದೊಡ್ಡಪ್ಪ. ರೋಗ. ಅದಕ್ಕೊಂದು ಹೆಸ್ರೈತೆ. ನಂಗೂ ಬಂದೈತೆ, ನಿಂಗೂ ಅದೇ ಇರ್ಬೇಕು."

"ಯಾರಂದ್ರು?"

"ತುಮಕೂರ್ ಡಾಕ್ಟ್ರು."

"ನಾನು ಎತ್ತಿಗೆ ಹೊಡ್ದಿದ್ದು ಹೇಳಿದ್ಯಾ ಅವ್ರಿಗೆ?"

"ಇಲ್ಲ."

"ಮತ್ತೆ? ಅರ್ಧ ಕೇಳ್ದೋರು ಅರ್ಧ ಹೇಳ್ತಾರೆ, ಬುಡು."

"ಇನ್ನೂ ಬಾಳ ಜನ ಅವ್ರೆ ದೊಡ್ಡಪ್ಪ. ಬ್ಯಾರೆ ಬ್ಯಾರೆ ದೇಶದೋರು. ಹುಳಿಯಾರಲ್ಲಿ ಕಂಪ್ಯೂಟರ್‌ನಾಗೆ ಕಾಣ್ತಾರೆ."

ಮುದುಕನ ಕೈ ಗಂಟಿನ ಮೇಲೇ ನಿಂತಿತು. "ಗೂನ್ರಾ?"

"ಹೂಂ. ನಿನ್ನಂಗೇ."

ಸಿರಿಯಪ್ಪ ಗಂಟಿನ ತುದಿಯನ್ನು ಎಳೆದು ಬಿಗಿದ. ಆಮೇಲೆ ಅಂದ: "ರೋಗ ಅಂತ ನೀನ್ ಬಾಯ್ ಬುಟ್ರೆ ಚಿತ್ತಯ್ಯ ಗಣೆ ಈಸ್ಕತಾನೆ. ನಾನ್ ಹೋದ್ರೆ, ಹೋದ ಅಂತ ಸುಮ್ಕಾಗ್ತಾರೆ. ನೀನ್ ಸುಮ್ಕಿರು."

ಮರುದಿನ ಬೆಳಗ್ಗೆ ಜುಂಜೇಶ ಕೊಟ್ಟಿಗೆಯ ಹಿಂದಕ್ಕೆ ಹೋಗಲಿಲ್ಲ. ಗೋಡೆ ಹಿಡಿದು ಎದ್ದವನೇ, ದೊಡ್ಡಪ್ಪ ಹೊರಡುವ ಮೊದಲೇ, ಗಣೆ ತೆಗೆದುಕೊಂಡು ಹಟ್ಟಿಯ ನಡುವೆ ಗುಡಿಯ ಕಡೆ ಹೊರಟ. ಬಲಗಾಲು ಎಳೆಯುತ್ತಿತ್ತು. ಸೊಂಟ ನೆಟ್ಟಗಾಗುತ್ತಿರಲಿಲ್ಲ. ಸಗಣಿ ಸಾರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಕ್ಯಾತಮ್ಮ ಬಾಗಿಲಿಗೆ ಬಂದು ಏನೋ ಅನ್ನಹೊರಟವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಚಿತ್ತಯ್ಯ ಅವನು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡ. ಗಣೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪಂಚೆಯ ಸೆರಗಿನಿಂದ ಒರೆಸಿ, ಗುಡಿಯೊಳಗಿನ ಗೂಟಕ್ಕೆ ತೂಗುಹಾಕಿದ.

"ಡಾಕ್ಟ್ರು ಹೇಳಿದ್ದು ಸುಳ್ಳು ಅನ್ನಲ್ಲ. ದೇವ್ರು ಮಾಡಿದ್ದೂ ಸುಳ್ಳು ಅನ್ನಲ್ಲ. ಯಾವ್ದೇ ಆಗ್ಲಿ, ಗಣೆ ಉಸ್ರು ಕೇಳ್ತದೆ ಕಣಪ್ಪ."

"ದೊಡ್ಡಪ್ಪ?"

"ಇರ್ಲಿ. ಎತ್ತುಗಳಿಗೆ ನೀರ್ ಹಾಕೋರ್ಯಾರು, ನಾನಾ?"

ಹಿಂತಿರುಗುವಾಗ ಜುಂಜೇಶನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಕಂಪ್ಯೂಟರಿನ ಆ ಜನರನ್ನು ತೋರಿಸಲೆಂದು ಮರುದಿನ ಬೆಳಗ್ಗೆ ಹುಳಿಯಾರಿಗೆ ಹೊರಟಾಗ ಸಿರಿಯಪ್ಪನನ್ನು ಬಸ್ಸು ಹತ್ತಿಸಲು ಕಂಡಕ್ಟರೂ ಕೈ ಕೊಡಬೇಕಾಯಿತು. ಸೈಬರ್ ಅಂಗಡಿಯಲ್ಲಿ ತಿಮ್ಮೇಶ ಎದ್ದು ಕುರ್ಚಿ ಎಳೆದ. "ಬನ್ನಿ ಯಜಮಾನ್ರೇ, ಕೂತ್ಕಳಿ." ಮುದುಕ ಕೂತ. ಅವನ ಕಣ್ಣು ತನ್ನ ಮಂಡಿಯ ಮೇಲೆ, ಮಂಡಿಯಾಚೆಯ ನೆಲದ ಮೇಲೆ ಬಿತ್ತು. ಪರದೆ ಎಲ್ಲೋ ಮೇಲಿತ್ತು. ಕುರ್ಚಿ ಹಿಂದಕ್ಕೆ ಸರಿಸಿದರು, ದಿಂಬು ಕೊಟ್ಟರು. ಆಗಲಿಲ್ಲ.

"ಬುಡ್ಲಾ ಜುಂಜ. ನೀನ್ ನೋಡಿದ್ರೆ ನಾನ್ ನೋಡ್ದಂಗೇ."

ತಿಮ್ಮೇಶ ಸೊಂಟಕ್ಕೆ ಕೈಯಿಟ್ಟು ಒಂದು ಗಳಿಗೆ ನಿಂತ. ಆಮೇಲೆ ಮೇಜಿನ ಹಿಂದೆ ಬಗ್ಗಿ ವೈರುಗಳನ್ನು ಸಡಿಲಿಸಿ, ಆ ದಪ್ಪ ಮಾನಿಟರನ್ನು ಮಗುವಿನಂತೆ ಅವುಚಿಕೊಂಡು ತಂದು ನೆಲದ ಮೇಲೆ, ಹಳೇ ಪೇಪರು ಹಾಸಿ, ಇಟ್ಟ. ರಿಸಲ್ಟು ನೋಡಲು ಬಂದಿದ್ದ ಹುಡುಗಿಯರು ಚಪ್ಪಲಿ ಎಳೆದುಕೊಂಡು ಜಾಗ ಬಿಟ್ಟರು. ಸಿರಿಯಪ್ಪ ಕುರ್ಚಿಯಿಂದ ಇಳಿದು ಅದರ ಎದುರು ಕುಕ್ಕರಗಾಲಿನಲ್ಲಿ ಕೂತ.

ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಮೊದಲು ಬರೀ ಆಕಾಶ, ಆಮೇಲೆ ಒಂದು ಬೆನ್ನು, ಬೆನ್ನಿಗಿಂತ ಕೆಳಗೆ ಬಿಳಿಗೂದಲ ತಲೆ.

"ಇವ್ನು ಯಾವ ದೇಶ?"

"ಟರ್ಕಿ ಅಂತೆ."

"ಇವ್ನು?"

"ಇಂಗ್ಲೆಂಡು."

"ಇದು ಹೆಣ್ಮಗಾ?" ಮುದುಕ ಬಹಳ ಹೊತ್ತು ನೋಡಿದ. ಬೆರಳು ಚಾಚಿ, ಗಾಜಿನ ಮೇಲೆ ಆ ಹೆಂಗಸಿನ ಬೆನ್ನು ಬಾಗಿದ ಜಾಗವನ್ನು ಸವರಿದ. "ಇವ್ರೆಲ್ಲ ಯಾವ್ ಎತ್ತಿಗ್ ಹೊಡುದ್ರಂತ್ಲಾ?"

ತಿಮ್ಮೇಶ ನಗಲು ಬಾಯಿ ತೆರೆದವನು ಜುಂಜೇಶನ ಮುಖ ನೋಡಿ ಮುಚ್ಚಿಕೊಂಡ.

"ಯಾರೂ ಹೊಡೀಲಿಲ್ಲ ದೊಡ್ಡಪ್ಪ."

"ಒಬ್ರೂ?"

"ಒಬ್ರೂ ಇಲ್ಲ."

ಸಿರಿಯಪ್ಪನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. "ಹಂಗಾರೆ ಇಷ್ಟ್ ಕಾಲ ನಾನ್ ನೀರ್ ಹೊತ್ತಿದ್ದು..." ಎಂದು ಶುರುಮಾಡಿದ. ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ. ಬಿಂದಿಗೆ ಹೊತ್ತು ಹೊತ್ತು ಬೆರಳ ಗೆಣ್ಣುಗಳು ದಪ್ಪಗಾಗಿದ್ದವು.

"ಅವ್ರನ್ನ ಒಂದ್ ಮಾತು ಕೇಳ್ಬೋದಾ?"

"ಕೇಳು, ಬರೀತೀನಿ." ಇದಕ್ಕೆ ಮದ್ದು ಏನೆಂದು ಕೇಳುತ್ತಾನೆ ಎಂದುಕೊಂಡ ಜುಂಜೇಶ.

"ಹೆಂಗ್ ಮಲಗ್ತಾರಂತೆ? ಅಂಗಾತ ಮಲಗಿದ್ರೆ ತಲೆ ನೆಲ ಮುಟ್ಟಲ್ಲ, ಮಗ್ಗುಲಾದ್ರೆ ಪಕ್ಕೆ ಹಿಡೀತದೆ. ಕುಂತೇ ನಿದ್ದೆ ಮಾಡ್ತೀನಿ ನಾನು. ಅವ್ರು ಏನ್ ಮಾಡ್ತಾರೆ, ಕೇಳು."

ಕೀಬೋರ್ಡು ನೆಲಕ್ಕೆ ಬಂತು. ಜುಂಜೇಶ ಗೋಡೆ ಹಿಡಿದು, ಒಂದು ಮಂಡಿ ಊರಿ, ಆಮೇಲೆ ಇನ್ನೊಂದು ಊರಿ, ದೊಡ್ಡಪ್ಪನ ಪಕ್ಕಕ್ಕೆ ಇಳಿದ. ಒಂದೊಂದೇ ಅಕ್ಷರ ಹುಡುಕಿ ಬರೆದು ಕಳಿಸಿದ.

"ಕೇಳ್ದೆ."

"ಏನಂದ್ರು?"

"ಬಾಳ ಜನಕ್ಕೆ ಅಲ್ಲೀಗ ರಾತ್ರಿ ದೊಡ್ಡಪ್ಪ. ಎದ್ದಮೇಲೆ ಬರೀತಾರೆ."

"ಮಲಗವ್ರಾ?"

"ಮಲಗಿರ್ತಾರೆ."

"ಹಂಗಾರೆ ಎಬ್ಬಿಸ್ಬ್ಯಾಡ." ಮುದುಕ ದನಿ ತಗ್ಗಿಸಿದ. "ಅವ್ರು ಏಳಾವರ್ಗೂ ಇಲ್ಲೇ ಕಾಯಾಣ."

ಪರದೆಗೆ ಬಿಸಿಲು ಹೊಡೆಯುತ್ತಿದೆಯೆಂದು ತಿಮ್ಮೇಶ ಷಟರನ್ನು ಅರ್ಧ ಎಳೆದ. ಕೆಳಗೆ ಉಳಿದ ಸಂದಿಯಲ್ಲಿ ಬಸ್ಸಿಗೆ ಓಡುವವರ ಕಾಲುಗಳು ಹಾದುಹೋಗುತ್ತಿದ್ದವು. ಹಟ್ಟಿಯ ಕಡೆಗೆ ಹೋಗುವ ಕೆಂಕೆರೆಯ ಬಸ್ಸು ಹಾರನ್ನು ಹೊಡೆಯಿತು, ಕಂಡಕ್ಟರು ಕೂಗಿದ. ನೆಲದ ಮೇಲಿನ ಬೆಳಕಿನ ಮುಂದೆ ಕೂತಿದ್ದ ಇಬ್ಬರೂ ಏಳಲಿಲ್ಲ.