ಬಣ್ಣ ಹಚ್ಚದ ವೇಷ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೆಳಗಾದರೆ ಎರಡು ಸದ್ದು ಕೇಳುತ್ತಿದ್ದವು. ಒಂದು, ಪಕ್ಕದ ಮನೆಯ ಶಿವಮ್ಮ ರೊಟ್ಟಿ ಬಡಿಯುವುದು. ಇನ್ನೊಂದು, ಅವಳ ಮಾವ ಹುಲುಗಣ್ಣ ಹಲ್ಲುಜ್ಜುತ್ತಲೇ ಹಾಕುವ ರಕ್ಕಸನ ಗರ್ಜನೆ. ಬಯಲಾಟದಲ್ಲಿ ನಲವತ್ತು ವರ್ಷ ರಕ್ಕಸನ ವೇಷ ಕಟ್ಟಿದವನು ಆತ. ಹರಪನಹಳ್ಳಿಯಿಂದ ಹಡಗಲಿಯವರೆಗೆ ಅವನ ದನಿಗೆ ಮಕ್ಕಳು ಹೆದರಿ ತಾಯಂದಿರ ಸೆರಗು ಹಿಡಿದದ್ದುಂಟು. ಆ ಗರ್ಜನೆಗೆ ಮನೆಯೊಳಗಿನಿಂದ ಒಂದು ಪುಟ್ಟ ಗರ್ಜನೆ ಉತ್ತರ ಕೊಡುತ್ತಿತ್ತು. ಅದು ಮೊಮ್ಮಗಳು ನಾಗಲಿಂಗಮ್ಮ; ಏಳನೆಯ ತರಗತಿಯ ಹುಡುಗಿ, ತಾತನ ಬಾಯಲ್ಲಿ ನಾಗಿ.

ನಾಗಿ ಕಪ್ಪು. ಇದನ್ನು ನಾನು ಬರೆಯಬೇಕಾಗಿರಲಿಲ್ಲ. ಆದರೆ ಅವಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಇದೇ ಚಿಂತೆ. ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ, ವಾರಕ್ಕೆ ಎರಡು ಸಲ.

“ಹಿಂಗ ಕರ್ರಗೇ ಉಳಿದ್ರ ಯಾರು ಕೈ ಹಿಡಿತಾರ ಇದನ್ನ?” ಎಂದು ಶಿವಮ್ಮ ಅವಳ ಮುಖ ತಿಕ್ಕುವಳು.

“ಮಾರಿ ಕಿತ್ತು ಬರತೈತಿ, ಬಿಡವ್ವ!” ಎಂದು ನಾಗಿ ಕೊಸರಾಡುವಳು.

ಕಟ್ಟೆಯ ಮೇಲೆ ಕುಳಿತ ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಚಿಕ್ಕಂದಿನಿಂದ ಮಠದಲ್ಲಿ ಪುರಾಣ ಕೇಳಿ ಬೆಳೆದವನು ನಾನು. ದೇವಿ ಬೆಳದಿಂಗಳಂತೆ, ರಕ್ಕಸ ಕಾಡಿಗೆಯಂತೆ ಎಂದು ಓದಿದಾಗಲೆಲ್ಲ ತಲೆದೂಗಿದವನು. ಕೇಳುವುದೇ ಭಕ್ತಿ ಎಂದುಕೊಂಡಿದ್ದೆ.

ಕೊರೊನಾದ ಎರಡನೆಯ ಅಲೆ ಇಳಿದು ಈ ವರ್ಷ ಶಾಲೆಗಳು ತೆರೆದವು. ದಸರೆಗೆ ಮುಂಚೆ ನಾಗಿಯ ಶಾಲೆಯಲ್ಲಿ ‘ಕೊರೊನಾಸುರ ಸಂಹಾರ’ ಎಂಬ ಪುಟ್ಟ ನಾಟಕ ಮಾಡಿಸಿದರು. ರಕ್ಕಸ ಯಾರಾಗಬೇಕೆಂದು ಯಾರೂ ಕೇಳಲಿಲ್ಲ. ತರಗತಿಯೆಲ್ಲ ಒಟ್ಟಿಗೆ ನಾಗಿಯತ್ತ ತಿರುಗಿತು. ಮನೆಗೆ ಬಂದು ಹೇಳಿದಾಗ ಹುಲುಗಣ್ಣ ಕುಣಿದೇಬಿಟ್ಟ.

“ಭಲೆ! ನಮ್ಮ ಮನಿತನದ ವೇಷ ಐತಿ ಅದು!”

ತಗಡಿನ ಪೆಟ್ಟಿಗೆ ತೆಗೆದು, ಆಟದಲ್ಲಿ ಮುಖಕ್ಕೆ ಬಳಿಯುವ ಹಳದಿ, ಕೆಂಪು ಬಣ್ಣದ ಪುಡಿ, ಮೀಸೆ ಬರೆಯುವ ಕಡ್ಡಿ ಎಲ್ಲವನ್ನೂ ಗಂಟು ಕಟ್ಟಿಕೊಟ್ಟ. ನಾಟಕದ ದಿನ ಸಂಜೆ ಆ ಗಂಟು ಬಿಚ್ಚದೆ ಹಾಗೇ ಬಂತು.

“ಬಣ್ಣ ಹಚ್ಚಲಿಲ್ಲೇನು?”

“ಮಿಸ್ ಬ್ಯಾಡ ಅಂದ್ರು,” ಎಂದು ನಾಗಿ ಒಳಗೆ ಹೋದಳು.

ಮಾರನೆಯ ದಿನ ಶಾಲೆಯವರು ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದರು. ಪೌಡರ್ ಮೆತ್ತಿದ, ಕಿರೀಟವಿಟ್ಟ ದೇವಿ. ಬಿಳಿ ಕೋಟಿನ ಡಾಕ್ಟರು. ಅವರ ಕಾಲಡಿ ರಟ್ಟಿನ ಮುಳ್ಳು ಕಟ್ಟಿಕೊಂಡ ನಾಗಿ. ಬಣ್ಣವಿಲ್ಲದ್ದು ಅವಳೊಬ್ಬಳ ಮುಖಕ್ಕೇ. ಕೆಳಗೆ ನಾಟಕ ಮಾಡಿಸಿದ ಸುಕನ್ಯಾ ಟೀಚರ್ ಒಂದು ಸಾಲು ಬರೆದಿದ್ದರು. ಓದು ಬಾರದ ಹುಲುಗಣ್ಣ ಫೋನನ್ನು ನನ್ನ ಕೈಗಿಟ್ಟ.

“ಏನ್ ಬರದಾರ ನೋಡ್ರಿ, ಹಾಲಸ್ವಾಮೇರ.”

ಮನಸ್ಸಿನಲ್ಲೇ ಓದಿಕೊಂಡೆ. ಅದು ಗಟ್ಟಿಯಾಗಿ ಓದುವಂಥದ್ದಲ್ಲ. “ಚಲೋ ಮಾಡ್ಯಾಳ ಅಂತ ಬರದಾರ,” ಎಂದೆ.

ಮೂರು ದಿನ ಊರು ನಕ್ಕಿತು. ನಾಲ್ಕನೆಯ ದಿನ ಎಲ್ಲೆಲ್ಲಿಯವರೋ ಸಿಟ್ಟಾದರು. ಇದು ಮೈಬಣ್ಣಕ್ಕೆ ಮಾಡಿದ ಅವಮಾನ, ಶಾಲೆ ಮುಚ್ಚಿಸಿ, ಟೀಚರನ್ನು ಒಳಗೆ ಹಾಕಿ ಎಂದು ಸಾವಿರಾರು ಜನ ಬರೆದರು. ಅವಮಾನವೆಂದದ್ದು ಸುಳ್ಳಲ್ಲ. ಆದರೆ ನಕ್ಕವರು ಕಳಿಸಿದ್ದೂ ಅದೇ ಫೋಟೋ, ಸಿಟ್ಟಾದವರು ಕಳಿಸಿದ್ದೂ ಅದೇ ಫೋಟೋ. ಒಬ್ಬರಾದರೂ ಮಗುವಿನ ಮುಖ ಮುಚ್ಚಿ ಕಳಿಸಲಿಲ್ಲ. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅವಳ ಗುರುತು ಹಿಡಿದು, “ಏ, ಕೊರೊನಾ ಬಂತು, ಸರೀರಿ!” ಎಂದರಂತೆ.

ಅಂದಿನಿಂದ ನಾಗಿ ಮಾಸ್ಕ್ ತೆಗೆಯಲಿಲ್ಲ. ಊರೆಲ್ಲ ಅದನ್ನು ಗದ್ದಕ್ಕೆ ಇಳಿಸಿಕೊಂಡು ಓಡಾಡುವಾಗ ಇವಳು ಮನೆಯೊಳಗೂ ಕಣ್ಣಿನ ಕೆಳತನಕ ಏರಿಸಿಕೊಂಡಿರುತ್ತಿದ್ದಳು. ಗೋಡೆಗೆ ಮುಖ ಮಾಡಿ ಉಣ್ಣುವಳು. ಬೆಳಗಿನ ಪುಟ್ಟ ಗರ್ಜನೆ ನಿಂತಿತು. ತಾತ ಎರಡು ಸಲ ಗರ್ಜಿಸಿ, ಕಾದು, ಬಾಯಿ ಮುಕ್ಕಳಿಸಿ ಒಳಗೆ ಹೋಗುವನು.

ಶಿವಮ್ಮ ಮಾತ್ರ ಗೆಲುವಾಗಿದ್ದಳು. ಯಾರೋ ಹೇಳಿದರೆಂದು ಔಷಧದ ಅಂಗಡಿಯಿಂದ ಸಣ್ಣ ಟ್ಯೂಬೊಂದನ್ನು ತಂದು ಮಗಳ ಮುಖಕ್ಕೆ ಹಚ್ಚತೊಡಗಿದ್ದಳು.

“ಎರಡು ವಾರದಾಗ ಹೆಂಗ ಬೆಳ್ಳಗಾಗ್ಯಾಳ ನೋಡ್ರಿ!”

ಮಾಸ್ಕಿನ ಮೇಲೆ ಕಾಣುವ ಹಣೆ ನಿಜಕ್ಕೂ ತಿಳಿಯಾಗಿತ್ತು, ಬೂದಿ ಬಳಿದಂತೆ. “ಡಾಕ್ಟರಿಗೆ ಕೇಳೀಯೇನವ್ವ?” ಎಂದೆ.

“ಮಾರಿಗೆ ಹಚ್ಚಾಕ ಡಾಕ್ಟರ್ ಯಾಕ್ರಿ? ಕರೇ ಮಗಳನ್ನ ಹಡದಾಕಿ ನಾನು, ನೀವಲ್ಲ.”

ನಾನು ಮತ್ತೆ ನನ್ನ ಕಟ್ಟೆಗೆ ಹೋಗಿ ಕೂತೆ. ಆಮೇಲೆ ನಾಗಿ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಳು. ಬಿಸಿಲಿಗೆ ಬಂದರೆ ಕಣ್ಣಲ್ಲಿ ನೀರು. ತಾಯಿ ಟ್ಯೂಬು ಹಿಡಿದು ಬಂದರೆ, “ನಾನೇ ಹಚ್ಕೊಂತೀನಿ,” ಎಂದು ಬಾಗಿಲು ಹಾಕಿಕೊಳ್ಳುವಳು. ಮಾಸ್ಕನ್ನು ತಾನೇ ಒಗೆದು ಹಿತ್ತಲಿನ ಮೂಲೆಯಲ್ಲಿ ಒಣಹಾಕುವಳು. ಒಂದು ದಿನ ಆ ಬಟ್ಟೆಯ ಒಳಗಡೆ ಹಳದಿ ಕಲೆ ಕಂಡೆ. ಅರಿಸಿನವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೊನ್ನೆ ಭಾನುವಾರ ಹೆಡ್‌ಮಾಸ್ತರ್ ಸೋಮಶೇಖರ್ ಬಂದರು. ಜೊತೆಗೆ ಸುಕನ್ಯಾ ಟೀಚರ್; ಅವರ ಕೈಯಲ್ಲಿ ದೇವಿಯ ಕಿರೀಟ, ರೇಷ್ಮೆ ಲಂಗ, ಪೌಡರ್ ಡಬ್ಬಿ. ಹುಲುಗಣ್ಣ ನನ್ನನ್ನೂ ಕರೆದ.

“ಆದದ್ದು ಆತು ಹುಲುಗಣ್ಣ. ಈ ಸಲ ನಿನ್ನ ಮೊಮ್ಮಗಳನ್ನ ದೇವಿ ಮಾಡಿ ಫೋಟೋ ಹಾಕ್ತೀವಿ. ಬೈಯೋರ ಬಾಯಿ ಮುಚ್ತಾವ, ಶಾಲಿ ಉಳೀತೈತಿ.”

“ದೇವಿ ಮಾಡ್ತಾರಂತ! ತೆಗಿಯೇ ಅದನ್ನ!” ಎಂದು ಶಿವಮ್ಮ ಸಡಗರದಿಂದ ಮಾಸ್ಕ್ ಎಳೆದಳು.

ಬಟ್ಟೆ ಸುಲಭಕ್ಕೆ ಬರಲಿಲ್ಲ, ಕೆನ್ನೆಗೆ ಅಂಟಿತ್ತು. ಬಂದಾಗ ಅದರೊಂದಿಗೆ ಚರ್ಮವೂ ಬಂತು.

ಎರಡೂ ಕೆನ್ನೆ ಹಸಿ ಕೆಂಪು. ಗದ್ದದ ತುಂಬ ಕೀವು. ಸುಕನ್ಯಾ ಟೀಚರ್ ಪೌಡರ್ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡರು. ಹೆಡ್‌ಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ದೂರದಿಂದ ತೆಗೆದ್ರ ಕಾಣಂಗಿಲ್ಲ,” ಎಂದರು.

ಹುಲುಗಣ್ಣ ನನ್ನತ್ತ ತಿರುಗಿದ. “ಅವತ್ತು ಆ ಫೋಟೋದ ಕೆಳಗ ಖರೇನ ಏನ್ ಬರದಿದ್ರು?”

ಈ ಸಲ ಗಟ್ಟಿಯಾಗಿ ಹೇಳಿದೆ: “ನಮ್ಮ ಕೊರೊನಾಸುರನಿಗೆ ಬಣ್ಣ ಹಚ್ಚುವ ಕೆಲಸವೇ ಬೀಳಲಿಲ್ಲ.”

“ನಗಿಚಾಟಿಕಿಗೆ ಬರದಿದ್ದೆ ತಾತ...” ಎಂದರು ಟೀಚರ್.

“ನಲವತ್ತು ವರ್ಷ ರಕ್ಕಸ ಆಗೀನವ್ವ ನಾನು,” ಎಂದ ಮುದುಕ. “ಬಣ್ಣ ಹಚ್ಚಿದ ಮ್ಯಾಲ ರಕ್ಕಸ. ಆಟ ಮುಗದು ಕೊಬ್ಬರಿಎಣ್ಣಿ ಹಚ್ಚಿ ಒರಸಿದ್ರ ಹುಲುಗಣ್ಣ. ಈ ಕೂಸಿಗೆ ನೀವು ಬಣ್ಣಾನೇ ಹಚ್ಚಲಿಲ್ಲ. ಆಟ ಮುಗದ ಮ್ಯಾಲ ಆಕಿ ಏನ್ ಒರಸ್ಕೋಬೇಕಿತ್ತು? ಮಾರೀನೇ ಒರಸ್ಕೊಂಡಾಳ, ನೋಡ್ರಿ.”

ಶಿವಮ್ಮ ಕನ್ನಡಿಯ ಹಿಂದಿನಿಂದ ಟ್ಯೂಬು ತಂದು ಮಾವನ ಮುಂದಿಟ್ಟಳು. “ನಾನೇ ಹಚ್ಚಿದ್ನಲ್ಲೋ ಮಾವಾ...”

ಆಗ ನಾಗಿ ಮಾತಾಡಿದಳು. ತುಟಿ ಬಿಚ್ಚಲು ನೋಯುತ್ತಿತ್ತೇನೋ, ಒಂದೊಂದೇ ಮಾತು ಬಂತು.

“ನಾನು ದೇವಿ ಆಗಂಗಿಲ್ರಿ ಸರ. ಫೋಟೋನೂ ಬ್ಯಾಡ. ನಾನು ಶಾಲಿಗೆ ಬಂದ ದಿನ, ಪ್ರಾರ್ಥನಿ ಹೊತ್ತಿನಾಗ, ಎಲ್ಲಾರ ಮುಂದ, ಬರದದ್ದು ತಪ್ಪು ಅಂತ ಮಿಸ್ ಬಾಯಿಲೆ ಹೇಳ್ಲಿ. ನಾನು ಮುಂದಿನ ಸಾಲಿನಾಗ ನಿಂತಿರ್ತೀನಿ.”

ಇಬ್ಬರೂ ಕಿರೀಟ ಎತ್ತಿಕೊಂಡು ಹೋದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೂಡ್ಲಿಗಿಯ ಡಾಕ್ಟರು ಟ್ಯೂಬು ನೋಡಿ, ಇದು ಹುಳುಕಡ್ಡಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಮೊದಲು ಬೆಳ್ಳಗೆ ಮಾಡಿ ಆಮೇಲೆ ಚರ್ಮ ತಿನ್ನುತ್ತದೆ, ಹೀಗೆ ಮುಖಕ್ಕೆ ಹಚ್ಚಿದ ಮಕ್ಕಳು ವಾರಕ್ಕೊಬ್ಬರು ಬರುತ್ತಾರೆ ಎಂದರು. ಗಾಯ ಮಾಯುತ್ತದೆ, ಕಲೆಯ ಮಾತು ಈಗ ಹೇಳಲಾಗದು. ಓದುವ ತಾಯಂದಿರೇ, ನಿಮ್ಮ ಕನ್ನಡಿಯ ಹಿಂದೆಯೂ ಅಂಥ ಟ್ಯೂಬು ಇದ್ದರೆ ಇವತ್ತೇ ಎಸೆಯಿರಿ.

ನಿನ್ನೆಯೂ ನನ್ನ ಫೋನಿಗೆ ಆ ಫೋಟೋ ಬಂತು, ‘ಖಂಡಿಸುವವರು ಹಂಚಿ’ ಎಂಬ ಒಕ್ಕಣೆಯೊಂದಿಗೆ. ಅಳಿಸಿದೆ. ಬರುವ ಸೋಮವಾರ ನಾಗಿ ಶಾಲೆಗೆ ಹೋಗುತ್ತಾಳೆ. ಟೀಚರ್ ಬಾಯಿ ತೆರೆಯುತ್ತಾರೋ ಇಲ್ಲವೋ ತಿಳಿಯದು. ಹುಲುಗಣ್ಣನ ಜೊತೆ ನಾನೂ ಆ ಪ್ರಾರ್ಥನೆಗೆ ಹೋಗಿ ನಿಲ್ಲುತ್ತೇನೆ. ಅವರು ತೆರೆಯದಿದ್ದರೆ ನಾನು ತೆರೆಯುತ್ತೇನೆ.