ಭುಜಕ್ಕಿಂತ ಮೊದಲು ಕಾಲರ್

ತಿಳಿನೀಲಿ, ಮತ್ತೆ ತಿಳಿನೀಲಿ, ಈ ಬಂಡಲೂ ತಿಳಿನೀಲಿಯೇ, ಮೂರು ದಿನದಿಂದ ಕಣ್ಣೊಳಗೆ ಇದೇ ಬಣ್ಣ, ಕಾಲರ್ ತಿರುವಿ ಕುತ್ತಿಗೆಗೆ ಕೂಡಿಸಿ ಹೊಲಿಗೆ ಓಡಿಸಿ ದಾರ ಕತ್ತರಿಸಿ ಮುಂದಕ್ಕೆ ತಳ್ಳು, ಹದಿನೆಂಟು ವರ್ಷ ಕಾಲರ್ ಹಚ್ಚಿದ ನನಗೆ ಇವತ್ತಿಗೂ ಒಂದು ಇಡೀ ಶರ್ಟು ಹೊಲಿಯಲು ಬರುವುದಿಲ್ಲ, ತೋಳು ಪಕ್ಕದ ಬಸಕ್ಕನದು, ಜೇಬು ಹಿಂದಿನ ಸಾಲಿನವರದು, ದುರ್ಗವ್ವ ನಿನಗೆ ಯಾವುದು ಇಷ್ಟ ಎಂದು ಯಾರೂ ಕೇಳಲಿಲ್ಲ, ಬೊಮ್ಮನಹಳ್ಳಿಯ ಈ ಗಾರ್ಮೆಂಟ್ಸಿಗೆ ಬಂದ ಮೊದಲ ದಿನ ಒಂದು ಖಾಲಿ ಕುರ್ಚಿ ತೋರಿಸಿದರು, ಅದು ಕಾಲರಿನದಾಗಿತ್ತು, ಅಷ್ಟೇ — ನನ್ನ ಮಗಳು ಶಿವಗಂಗಾ ಮಾತ್ರ ತನ್ನ ಡಿಗ್ರಿಯನ್ನು ತಾನೇ ಹೊಲಿದುಕೊಳ್ಳುತ್ತಾಳಂತೆ, ಅವ್ವಾ ನಮ್ಮ ಕಾಲೇಜಲ್ಲಿ ಬೇರೆ ಬೇರೆ ಡಿಪಾರ್ಟ್‌ಮೆಂಟಿಂದ ಬೇಕಾದ್ದು ತಗೊಂಡು ನಾವೇ ಒಂದು ಡಿಗ್ರಿ ಕಟ್ಕೋಬಹುದು, ಹೆಸರೂ ನಾವೇ ಇಡೋದು, ಸಮಿತಿ ಒಪ್ಪಬೇಕು, ಒಂದೇ ಚಾನ್ಸು, ಒಪ್ಪದಿದ್ರೆ ಎಲ್ಲರ ಥರ ಬಿ.ಎಸ್ಸಿ — ದೇಹಶಾಸ್ತ್ರ, ಡಿಸೈನು, ಸಂಖ್ಯಾಶಾಸ್ತ್ರ, ಕಾರ್ಮಿಕ ಕಾನೂನು, ಎಲ್ಲ ಸೇರಿ ಹೆಸರು ‘ದುಡಿಯುವ ದೇಹ’, ಕೇಳಿದಾಗ ಸಂತೋಷವಾಯಿತು, ಅದರ ಕೆಳಗೆ ಇನ್ನೊಂದೂ ಆಯಿತು, ಬಟ್ಟೆಯೊಳಗೆ ಸೂಜಿ ಮುರಿದು ಉಳಿದ ಹಾಗೆ, ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿ ಎಲ್ಲಾದರೂ ಇರುತ್ತಾಳೆಯೇ, ಇದ್ದಾಳೆ, ನಾಲ್ಕನೇ ಸಾಲಿನ ಏಳನೇ ಮಶೀನಿನಲ್ಲಿ.

ಮುಂಜಾನೆ ಅವಳು ನೆಲದ ತುಂಬ ಬಣ್ಣದ ಚೀಟಿ ಹರಡಿಕೊಂಡಿದ್ದಳು, ಸೆಮಿಸ್ಟರಿಗೊಂದು ಸಾಲು, ಒಂದೊಂದನ್ನೂ ಓದಿ ಹೇಳುತ್ತ ಇಡುತ್ತಿದ್ದಳು, ನಾನು ಡಬ್ಬಿಗೆ ರೊಟ್ಟಿ ಹಾಕುತ್ತ ಕೇಳಿದೆ, ಆ ಹಳದಿ ಯಾವುದ ಅದು, ಅದಾ, ಗಾರ್ಮೆಂಟ್ಸ್ ಹೆಂಗಸರ ಬೆನ್ನುನೋವಿನ ಅಧ್ಯಯನ, ಇನ್ನೂರು ಜನರನ್ನ ಕೇಳಿ ಲೆಕ್ಕ ತೆಗೀಬೇಕು, ಸಂಖ್ಯಾಶಾಸ್ತ್ರ ಪಾಸಾಗದೆ ಅದಕ್ಕೆ ಬಿಡೋದೇ ಇಲ್ಲ, ಎನ್ನುತ್ತಲೇ ಹಳದಿಯನ್ನು ಮೂರನೇ ಸಾಲಿಗೆ ಇಟ್ಟಳು, ಸಂಖ್ಯಾಶಾಸ್ತ್ರದ ಹಸಿರು ಚೀಟಿ ನಾಲ್ಕನೆಯದರಲ್ಲಿತ್ತು, ನನಗೆ ತಟ್ಟನೆ ಕಂಡಿತು, ಭುಜ ಕೂಡಿಸದೆ ಕಾಲರಿಗೆ ಬಂದ ಬಂಡಲ್, ಅಂಥದ್ದನ್ನು ನಾನು ಮುಟ್ಟದೆ ವಾಪಸ್ಸು ತಳ್ಳುವವಳು, ಬಾಯಿ ತೆರೆದೆ, ಅಷ್ಟರಲ್ಲಿ ಅವಳು, ಯಮುನಾ ಮೇಡಂ ನೋಡಿದಾರೆ ಅವ್ವಾ, ಸೂಪರ್ ಅಂದ್ರು — ಯಮುನಾ ಮೇಡಂ, ಕಾಲೇಜಲ್ಲಿ ಅವಳಿಗೆ ದಾರಿ ತೋರಿಸುವ ಟೀಚರು, ಯಮುನಾ ಮೇಡಂ ಕಾಟನ್ ಸೀರೆ, ಯಮುನಾ ಮೇಡಂ ಶುಂಠಿ ಚಹಾ, ನೀನು ಎಷ್ಟು ಚೆನ್ನಾಗಿ ಪ್ರಶ್ನೆ ಕೇಳ್ತೀಯ ಅಂತಾರೆ ಯಮುನಾ ಮೇಡಂ, ಅರ್ಜಿಯಲ್ಲಿ ಈ ಯೋಚನೆ ನಿಮಗೆ ಹೊಳೆದದ್ದು ಹೇಗೆ ಎಂದು ಕೇಳಿದ್ದಕ್ಕೂ ಅವಳು ಬರೆದದ್ದು, ಯಮುನಾ ಮೇಡಂ ಅವರ ತರಗತಿಯಲ್ಲಿ — ಬೆನ್ನು ನನ್ನದಲ್ಲವೇ, ಏಳನೇ ಕ್ಲಾಸಿನಿಂದ ಮುಲಾಮು ತಿಕ್ಕಿದ ಕೈ ನಿನ್ನದಲ್ಲವೇ, ಇಲ್ಲೇನವ್ವಾ, ಇನ್ನೂ ಸ್ವಲ್ಪ ಕೆಳಗಾ, ಎಂದು ಹೆಬ್ಬೆರಳು ಒತ್ತಿ ನೋವು ಹುಡುಕಿದವಳು ನೀನಲ್ಲವೇ, ಅದು ಆ ಹೆಂಗಸಿನ ತರಗತಿಯಲ್ಲಿ ಹೊಳೆಯಿತೇ, ತೆರೆದ ಬಾಯಿ ಮುಚ್ಚಿಕೊಂಡೆ, ಸೂಪರ್ ಅಂದವರೇ ನೋಡಿಕೊಳ್ಳಲಿ.

ಅಕ್ಕಾ, ಇದೇನ್ ಹಾವು ಹೋದಂಗೆ ಹೋಗಿದೆ ಹೊಲಿಗೆ, ಬಿಚ್ಚಿ ಇದನ್ನ, ಸೂಪರ್‌ವೈಸರ್ ಮುನಿಕೃಷ್ಣ ತಲೆಯ ಮೇಲೇ ನಿಂತಿದ್ದಾನೆ, ಬಿಚ್ಚುತ್ತೇನೆ, ಬಸಕ್ಕ ನಗುತ್ತಾಳೆ, ನಿನ್ನ ಮಗಳು ನಮ್ಮ ಬೆನ್ನ ಓದಾಕ ಬರ್ತಾಳಂತಲ್ಲ, ನಂದು ದಪ್ಪ ಪುಸ್ತಕ ಐತಿ, ಎರಡು ವರ್ಷ ಹಿಡೀತೈತಿ ಅಂತ ಹೇಳವ್ವ ಆಕಿಗೆ — ಅರ್ಜಿ ಹೋಗುವುದು ನಾಲ್ಕಕ್ಕೆ, ಚಹಾ ಮೂರೂವರೆಗೆ, ಹತ್ತು ನಿಮಿಷ, ಫೋನು ಗೇಟಿನ ಪೆಟ್ಟಿಗೆಯಲ್ಲಿ, ಹಳದಿ ಹಸಿರು ಹಿಂದುಮುಂದಾದದ್ದಕ್ಕೆ ಸಮಿತಿ ತಿರಸ್ಕರಿಸಿದರೆ ಅವಳಿಗೂ ಯಾರೋ ತೋರಿಸಿದ ಕುರ್ಚಿ, ನನ್ನ ಹಾಗೆಯೇ, ಆಗಲಿ ಎನಿಸಿದ್ದು ನಿಜ, ಒಂದು ಕಾಲರ್ ಮುಗಿಯುವಷ್ಟು ಹೊತ್ತು ನಿಜ, ಅಯ್ಯೋ ಶಿವನೇ, ಗಂಟೆ ಹೊಡೆಯಿತು, ಚಹಾ ಬೇಡ, ಮೆಟ್ಟಿಲು ಇಳಿ, ಹೇಳಿಬಿಡುತ್ತೇನೆ, ಹಸಿರು ಮೊದಲು, ಹಳದಿ ಆಮೇಲೆ, ನಾಲ್ಕೇ ಮಾತು, ರಿಂಗಾಗುತ್ತಿದೆ — ಹೇಳವ್ವಾ, ಬೇಗ, ಅರ್ಜಿ ಕಳಿಸೋಕೆ ರೆಡಿ ಮಾಡ್ತಾ ಇದೀನಿ, ಮೇಡಂ ಪಕ್ಕದಲ್ಲೇ ಇದಾರೆ, ಆಚೆಯಿಂದ ಒಂದು ನಗು, ಮೆತ್ತಗಿನದು, ಅಮ್ಮನಾ, ಸ್ಪೀಕರ್ ಹಾಕು ಗಂಗೂ, ನಾನೂ ಮಾತಾಡ್ಸ್ತೀನಿ — ಗಂಗೂ, ಅದು ನಾನು ಕರೆಯುವ ಹೆಸರು, ತೊಟ್ಟಿಲಲ್ಲಿ ಕರೆದದ್ದು, ಅದನ್ನೂ ಆ ಹೆಂಗಸಿಗೆ ಕೊಟ್ಟಿದ್ದಾಳೆ — ಅವ್ವಾ? ಏನವ್ವಾ? — ಊಟ ಆತೇನ, ಎಂದೆ, ಹೂಂ ಆಯ್ತು, ಫೋನ್ ಇಡ್ಲಾ, ಹೂಂ, ಇಡು — ಗೇಟಿನ ಗಡಿಯಾರದಲ್ಲಿ ಮೂರೂ ಮೂವತ್ತಾರು, ಇನ್ನೂ ಹೊತ್ತಿದೆ, ಮತ್ತೆ ಮಾಡಬಹುದು, ಸೆಕ್ಯುರಿಟಿ ಕೈ ಚಾಚಿದ್ದಾನೆ, ಫೋನ್ ಕೊಡಿ ಅಕ್ಕಾ, ಕೊಟ್ಟೆ, ಮೆಟ್ಟಿಲು, ಮಶೀನು, ತಿಳಿನೀಲಿ, ಕಣ್ಣೊಳಗೆ ಮಾತ್ರ ಮುಂಜಾನೆಯ ನೆಲ, ಮೂರನೇ ಸಾಲಿನ ಹಳದಿ ಚೀಟಿ ಫ್ಯಾನಿನ ಗಾಳಿಗೆ ಮೂಲೆ ಎತ್ತುತ್ತದೆ, ಅವಳು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾಳೆ, ಮತ್ತೆ ಎತ್ತುತ್ತದೆ, ಒತ್ತಿ ಕೂರಿಸುತ್ತಾಳೆ, ಅದೇ ಹೆಬ್ಬೆರಳು, ಒತ್ತಿ