ತಿಮಿಂಗಿಲದ ಹಗ್ಗ

ಬಾಗಿಲ ಹಿಂದೆ ಮಂಡಿಯೂರಿ ಕೂತು ಅವಳು ಗಂಡನ ಕಪ್ಪು ಬೂಟು ಹುಡುಕುತ್ತಿದ್ದಳು. ಶವಪೆಟ್ಟಿಗೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುತ್ತದೆ, ಅಪ್ಪ ಬರಿಗಾಲಲ್ಲಿ ಹೋಗಬಾರದು ಎಂದು ಮಗಳು ಹಟ ಹಿಡಿದಿದ್ದಳು. ಕೈಗೆ ಸಿಕ್ಕಿದ್ದೆಲ್ಲ ಮೀನು ಹಿಡಿಯಲು ಹೋಗುವಾಗಿನ ಬೂಟುಗಳೇ. ಉಪ್ಪುನೀರಿಗೆ ಒಂದು ಜೊತೆ, ಸಿಹಿನೀರಿಗೆ ಒಂದು ಜೊತೆ. ಒಂದರ ಮೇಲೆ ಬಿಳಿ ಉಪ್ಪಿನ ಪೊರೆ, ಇನ್ನೊಂದರ ತಳದಲ್ಲಿ ಒಣಗಿದ ಕೆರೆಯ ಕೆಸರು. ಕಪ್ಪು ಬೂಟು ಕೊನೆಗೆ ಮೂಲೆಯಲ್ಲಿ ಸಿಕ್ಕಿತು. ಮಗಳ ಮದುವೆಯಲ್ಲಿ ಹಾಕಿದ್ದು, ಆಮೇಲೆ ಪುಣ್ಯಾತ್ಮ ಅದರ ಮುಖ ನೋಡಿರಲಿಲ್ಲ.

ಏಳುವಾಗ ಗೋಡೆಯ ಮೊಳೆ ಕಣ್ಣಿಗೆ ಬಿತ್ತು. ಮೊಳೆ ಬರಿದಾಗಿತ್ತು.

"ಇಲ್ಲಿದ್ದ ಹಗ್ಗ ಯಾರು ತಗೊಂಡ್ರು?"

ನಡುಮನೆಯಲ್ಲಿ ಪಿಸುಮಾತು ನಿಂತಿತು. ಅಳಿಯ ಹೆಂಡತಿಯ ಮುಖ ನೋಡಿದ, ಹೆಂಡತಿ ಅಮ್ಮನ ಮುಖ ನೋಡಿದಳು. ಗಂಡನ ಹೆಣ ಮನೆಯಲ್ಲಿರುವಾಗ ಹೆಂಗಸು ಹಗ್ಗ ಹುಡುಕಿದರೆ ಯಾರಿಗೆ ತಾನೆ ಹೆದರಿಕೆಯಾಗುವುದಿಲ್ಲ?

"ಈಗ ಹಗ್ಗ ಯಾಕಮ್ಮಾ?" ಎಂದು ಮಗಳು ಮೆಲ್ಲಗೆ ಕೇಳಿ ಅವಳ ತೋಳು ಹಿಡಿದಳು.

"ನಂಗೇನೂ ಬೇಡ ಕಣೇ. ಮೊನ್ನೆ ತಾನೆ ಒಗೆದು ನೇತು ಹಾಕಿದ್ದೆ, ಈಗಿಲ್ಲ ಅಂತ ಕೇಳ್ದೆ."

ಅಷ್ಟರಲ್ಲಿ ಗಂಡನ ಗೆಳೆಯ ದರ್ಜಿಯ ತಂಗಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಬಂದಳು. ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. "ಅಕ್ಕಾ, ನಮ್ಮಣ್ಣ ಒಳಗಿದ್ದಾನಾ?"

ದರ್ಜಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಿದ್ದ. ಗೆಳೆಯನ ತಲೆಯ ಬಳಿ ಕೂತು ಮಗುವಿನ ಹಾಗೆ ಅತ್ತಿದ್ದ. ಆಮೇಲೆ ಎದ್ದು ಹೋದದ್ದನ್ನು ಯಾರೂ ಗಮನಿಸಿರಲಿಲ್ಲ.

"ಮನೆಗೆ ಹೋಗಿರ್ತಾರೆ ಬಿಡಿ," ಎಂದ ಅಳಿಯ. "ಅವರೇನು ಚಿಕ್ಕ ಮಗುನಾ?"

ದರ್ಜಿಯ ತಂಗಿ ಗೋಡೆ ಹಿಡಿದು ಕುಸಿದು ಕೂತಳು. "ಮಗುನೇ ಅಂದ್ಕೊಳ್ಳಿ," ಎಂದಳು. "ಮರೆವು ಶುರುವಾಗಿ ಎಷ್ಟೋ ಕಾಲ ಆಯ್ತು. ಅಂಗಡಿ ಯಾಕೆ ಮುಚ್ಚಿದ್ವಿ ಅಂದ್ಕೊಂಡ್ರಿ? ಒಂದೇ ಕೋಟಿಗೆ ಮೂರು ತೋಳು ಹೊಲಿದಿಟ್ಟಿದ್ದ. ಯಾರಿಗೂ ಹೇಳ್ಬೇಡ, ಅವನ ಮರ್ಯಾದೆ ಹೋಗುತ್ತೆ ಅಂತ ನಿಮ್ಮ ಯಜಮಾನ್ರೇ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಚಳಿಗಾಲ ಬಂದ್ರೆ ಅಣ್ಣ ಮನೇಲಿ ನಿಲ್ಲಲ್ಲ ಅಕ್ಕಾ, ನೀರು ನೀರು ಅಂತಾನೆ. ಒಬ್ಬನೇ ಹೋದ್ರೆ ಬಿದ್ದು ಸಾಯ್ತಾನೆ, ನಾನೇ ಕರ್ಕೊಂಡು ಹೋಗ್ತೀನಿ ಅಂತ ಅವರು ಬರ್ತಿದ್ರು. ಸೊಂಟಕ್ಕೊಂದು ಹಗ್ಗ ಕಟ್ಟಿ."

ಅವಳು ಬರಿದಾದ ಮೊಳೆಯ ಕಡೆ ನೋಡಿದಳು. ಕೈಯಲ್ಲಿದ್ದ ಬೂಟು ಜಾರಿ ನೆಲಕ್ಕೆ ಬಿತ್ತು.

*

ಅವಳ ಗಂಡ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನು, ಊರವರ ಬಾಯಲ್ಲಿ ಲಿಫ್ಟಜ್ಜ. ಹಗ್ಗ, ಗಂಟು, ತೂಕ ಅಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ನಿವೃತ್ತನಾದ ಮೇಲೆ ಗಾಳದ ಹುಚ್ಚು ತಲೆಗೇರಿತು. ಅದೂ ಚಳಿಗಾಲದಲ್ಲಿ, ಜನ ಕಂಬಳಿಯಿಂದ ಮೂಗು ಹೊರಗೆ ಹಾಕದ ಹೊತ್ತಿನಲ್ಲಿ. ದಿನಾ ಆ ದರ್ಜಿಯ ಜೊತೆ ಹೋಗುವುದು, ನಡುಗುತ್ತಾ ಬರುವುದು, ಬುಟ್ಟಿಯಲ್ಲಿ ಬೆರಳುದ್ದದ ಎರಡು ಮೀನು.

ಒಂದು ಸಂಜೆ ಬುಟ್ಟಿಯಲ್ಲಿ ಒದ್ದೆ ಹಗ್ಗ ಸಿಕ್ಕಿತು. ಹೆಬ್ಬೆರಳು ದಪ್ಪದ್ದು.

"ಈ ಮೀನಿಗೆ ಇಷ್ಟು ದಪ್ಪ ಹಗ್ಗ ಯಾಕ್ರೀ?"

"ತಿಮಿಂಗಿಲ ಸಿಕ್ಕಿದ್ರೆ ಕಟ್ಟಿ ಎಳ್ಕೊಂಡು ಬರೋಕೆ ಕಣೇ."

"ಸಿಕ್ಕಿದ್ರೆ ಅಲ್ಲೇ ಸಂಸಾರ ಹೂಡಿ. ಮನೇಲೊಬ್ಬಳು ಹೆಂಡತಿ ಇದಾಳೆ ಅನ್ನೋದು ನಿಮಗೆ ಬೇಸಿಗೇಲಿ ಮಾತ್ರ ನೆನಪಾಗುತ್ತೆ."

ಅವನು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಆ ದರ್ಜಿಯನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚಿತ್ತು, ಸವತಿಯನ್ನು ಕಂಡ ಹಾಗೆ.

*

"ಎಲ್ಲಿಗೆ ಹೋಗಿರ್ತಾರೆ?" ಅಳಿಯ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ದೋಣಿ ನಿಲ್ಲೋ ಸಮುದ್ರದ ಧಕ್ಕೆಗಾ, ಕೆರೆಗಾ? ಒಂದು ಆ ತುದಿ, ಒಂದು ಈ ತುದಿ. ಎರಡೂ ಕಡೆ ಹೋಗೋಕೆ ಟೈಮಿಲ್ಲ."

"ಅಣ್ಣಂಗೆ ಬೆಳಿಗ್ಗೆ ತಿಂದಿದ್ದು ನೆನಪಿರಲ್ಲ," ಎಂದಳು ದರ್ಜಿಯ ತಂಗಿ. "ಆದ್ರೆ ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಕೇಳಿ, ತಪ್ಪದೆ ಹೇಳ್ತಾನೆ. ಗಾಳಿ ನೋಡ್ಕೊಂಡೇ ಹೋಗೋದು."

ಗಾಳಿ. ಅವಳಿಗೆ ಅಡುಗೆಮನೆಯ ಕಿಟಕಿ ನೆನಪಾಯಿತು. ಚಳಿಗಾಲದ ಪ್ರತಿ ಬೆಳಿಗ್ಗೆ ಗಂಡ ಅಲ್ಲಿ ನಿಂತು ಎದುರಿನ ಲಾಂಡ್ರಿಯ ಚಿಮಣಿ ನೋಡಿ ಹೇಳುತ್ತಿದ್ದ. ಹೊಗೆ ಆಚೆ ಹೋದರೆ ಸಮುದ್ರ ಶಾಂತವಾಗಿದೆ, ಇವತ್ತು ಉಪ್ಪು. ಹೊಗೆ ನಮ್ಮ ಮನೆ ಕಡೆ ಬಂದರೆ ಧಕ್ಕೆಯ ಮೇಲೆ ಅಲೆ ಹತ್ತುತ್ತದೆ, ಇವತ್ತು ಸಿಹಿ. ಅವಳು ಪಾತ್ರೆ ಸದ್ದು ಮಾಡುತ್ತಾ ಕಿವಿ ಮೇಲೆ ಹಾಕಿಕೊಳ್ಳದವಳಂತೆ ಇರುತ್ತಿದ್ದಳು. ಆದರೆ ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದಳು.

ಕಿಟಕಿಗೆ ಓಡಿದಳು. ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ. ಹೇಗಿರುತ್ತದೆ? ಲಾಂಡ್ರಿಯವನು ಕಟ್ಟಿಗೆಯ ಬಾಯ್ಲರ್ ಆರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇದೇ ನಡುಮನೆಯಲ್ಲಿ ಕೈಕಟ್ಟಿ ನಿಂತಿದ್ದ.

"ಲಾಂಡ್ರಿಯವರೇ, ಬೆಳಿಗ್ಗೆ ಬಾಯ್ಲರ್ ಹೊತ್ತಿಸಿದ್ರಾ?"

ಲಾಂಡ್ರಿಯವನು ತಪ್ಪು ಮಾಡಿದವನಂತೆ ಮುಖ ಸಣ್ಣ ಮಾಡಿದ. "ಸ್ವಲ್ಪ ಹೊತ್ತು ಅಷ್ಟೇ ಅಮ್ಮಾ. ಆಸ್ಪತ್ರೆ ಬಟ್ಟೆ ಇತ್ತು. ಮುಗಿದ ಕೂಡ್ಲೇ ಆರಿಸ್ದೆ."

"ಹೊಗೆ ಯಾವ ಕಡೆ ಹೋಯ್ತು?"

"ಅಮ್ಮಾ, ನಿನಗೇನಾಯ್ತು?" ಎಂದು ಮಗಳು ಅಳಲು ಶುರುಮಾಡಿದಳು.

"ನೀನು ಸುಮ್ನಿರು. ಹೇಳಿ, ಯಾವ ಕಡೆ?"

"ನಿಮ್ಮ ಮನೆ ಕಡೆಗೇ. ಯಜಮಾನ್ರು ಇದ್ದಿದ್ರೆ ಕಿಟಕಿ ಮುಚ್ಚಿ ಬೈತಿದ್ರು ಅಂದ್ಕೊಂಡೆ."

"ಕೆರೆಗೆ ನಡೀರಿ," ಎಂದಳು ಅಳಿಯನಿಗೆ.

"ನೀವು ಬರೋದಾ ಅತ್ತೆ? ಪೆಟ್ಟಿಗೆ ಹತ್ರ ಯಾರಿರ್ತಾರೆ?"

"ಅವರೆಲ್ಲೂ ಹೋಗಲ್ಲ. ಮಗಳಿರಲಿ."

*

ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ತಪ್ಪು ಲೆಕ್ಕ ಹಾಕಿದ್ದರೆ? ಗಾಳಿ ಆಮೇಲೆ ತಿರುಗಿದ್ದರೆ? ಗಂಡ ಇಷ್ಟು ಚಳಿಗಾಲ ಕಾದುಕೊಂಡು ಬಂದ ಜೀವವನ್ನು ತಾನು ಒಂದೇ ಬೆಳಿಗ್ಗೆಯಲ್ಲಿ, ಬಂದವರಿಗೆ ಚಹಾ ಕೊಡುವ ಗಡಿಬಿಡಿಯಲ್ಲಿ, ಕಳೆದುಬಿಟ್ಟರೆ ಆ ಪೆಟ್ಟಿಗೆಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಕೆರೆಯ ಏರಿಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ತೂಬಿನ ಹತ್ತಿರ ಒಂದು ಮಡಚುವ ಸ್ಟೂಲು ಕಂಡಿತು, ಗಂಡನದೇ. ಅದರ ಮೇಲೆ ಯಾರೂ ಇರಲಿಲ್ಲ. ಅದರ ಕಾಲಿಗೆ ಕಟ್ಟಿದ ಹಗ್ಗ ಏರಿಯ ಅಂಚು ದಾಟಿ ಕೆಳಗೆ ನೀರಿನ ಕಡೆ ಇಳಿದಿತ್ತು.

ಹೋಯಿತು ಅಂದುಕೊಂಡಳು.

ಅಂಚಿಗೆ ಬಂದು ಬಗ್ಗಿ ನೋಡಿದಳು. ತೂಬಿನ ಕೊನೆಯ ಮೆಟ್ಟಿಲ ಮೇಲೆ, ಪಾಚಿಯಲ್ಲಿ, ಪಾದ ನೀರಿಗೆ ತಾಗುವಂತೆ ದರ್ಜಿ ಕೂತಿದ್ದ. ಸೊಂಟದಲ್ಲಿ ಹಗ್ಗ, ಕೈಯಲ್ಲಿ ಏನೂ ಇಲ್ಲ. ಅಳಿಯ ಓಡಲು ಹೊರಟಾಗ ಅವಳು ಅವನ ಅಂಗಿ ಹಿಡಿದೆಳೆದಳು.

"ಕೂಗ್ಬೇಡಿ. ಬೆಚ್ಚಿದ್ರೆ ಜಾರ್ತಾರೆ."

ಸ್ಟೂಲಿನ ಗಂಟು ಬಿಚ್ಚಿ, ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತಳು. ಆಮೇಲೆ, ದಿನಾ ಸಂಜೆ ಬಾಗಿಲಲ್ಲಿ ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದಳು:

"ಏನಾದ್ರೂ ಬಿತ್ತಾ?"

ದರ್ಜಿ ತಿರುಗಿದ. ತುಟಿ ನೀಲಿಯಾಗಿತ್ತು. "ಅತ್ತಿಗೇ. ಅವನೆಲ್ಲಿ? ಬೆಳಿಗ್ಗೆ ನೋಡ್ದಾಗ ಕಾಲಿಗೆ ಬೂಟಿರ್ಲಿಲ್ಲ. ಹಾಕ್ಕೊಂಡು ಬರ್ತಾನೆ ಅಂತ ಮುಂದೆ ಬಂದೆ." ಸೊಂಟದ ಹಗ್ಗವನ್ನು ಮುಟ್ಟಿ ನೋಡಿಕೊಂಡ. "ನಾನು ಎಳೆದ್ರೆ ಅವನು ತಿರುಗಿ ಎಳೀತಾನೆ ಯಾವಾಗ್ಲೂ. ಇದೀನಿ ಅಂತ. ಇವತ್ತು ಎಷ್ಟು ಸಲ ಎಳೆದೆ, ಅವನು ಎಳೀಲೇ ಇಲ್ಲ."

"ಮೇಲೆ ಬನ್ನಿ, ಅವರ ಹತ್ರನೇ ಹೋಗೋಣ," ಎಂದಳು. "ನಿಧಾನ. ಬಲಗಾಲು ಮೊದಲು." ಅವನು ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಅವಳು ಹಗ್ಗವನ್ನು ಮಡಿಲಿಗೆ ಎಳೆದುಕೊಂಡಳು. ನಡುವೆ ಒಮ್ಮೆ ಅವನ ಕಾಲು ಜಾರಿತು. ಹಗ್ಗ ಅವಳ ಸೊಂಟವನ್ನು ಕೊಯ್ದಂತೆ ಬಿಗಿಯಿತು, ಅವಳು ಅಲುಗಲಿಲ್ಲ. ಅಳಿಯ ಕೆಳಗಿಳಿದು ಅವನ ರಟ್ಟೆ ಹಿಡಿದ.

*

ಗಾಡಿ ಬಂದು ಕಾಯುತ್ತಿತ್ತು. ಮನೆಯ ತುಂಬ ಗುಸುಗುಸು. ಗಂಡನ ಹೆಣ ಬಿಟ್ಟು ಪರಗಂಡಸನ್ನು ಹುಡುಕಿಕೊಂಡು ಹೋದಳಂತೆ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅನ್ನಲಿ ಬಿಡು ಅಂದುಕೊಂಡಳು. ಕಪ್ಪು ಬೂಟು ಪಕ್ಕಕ್ಕಿಟ್ಟು ಕೆಸರಿನ ಬೂಟು ತಂದು ಗಂಡನ ಕಾಲಿಗೆ ತೊಡಿಸಿ ಲೇಸು ಕಟ್ಟಿದಳು.

"ಇದಾ ಅಮ್ಮಾ?" ಎಂದಳು ಮಗಳು.

"ಇವತ್ತು ಸಿಹಿನೀರು."

ಹಗ್ಗದ ಇನ್ನೊಂದು ತುದಿ ಇನ್ನೂ ದರ್ಜಿಯ ಕೋಟಿನೊಳಗೆ, ಅವನ ಸೊಂಟದಲ್ಲೇ ಇತ್ತು. ಮಗಳು ಅಮ್ಮನ ಸೊಂಟದ ತುದಿ ಬಿಚ್ಚಲು ಕೈ ಚಾಚಿದಳು, ಅವಳು ಬೇಡ ಎಂದು ತಲೆಯಾಡಿಸಿ ಮೇಲೆ ಶಾಲು ಹೊದ್ದಳು.

ಸಮಾಧಿಯ ಗುಂಡಿಯ ಸುತ್ತ ಹೊಸ ಮಣ್ಣು ಸಡಿಲವಾಗಿತ್ತು. ಕೆಲಸದವರು ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಬಿಟ್ಟರು, ಲಿಫ್ಟಜ್ಜ ಸಮವಾಗಿ, ಎಲ್ಲೂ ಓಲಾಡದೆ ಕೆಳಗೆ ಹೋದ. ದರ್ಜಿ ಅಂಚಿನ ತನಕ ಬಂದು ಬಗ್ಗಿ ನೋಡಿದ. ಅವನ ಕಾಲಡಿಯ ಮಣ್ಣು ಪುಡಿಪುಡಿಯಾಗಿ ಒಳಗೆ ಉದುರಿತು. ಅವನ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತುಂಬ ಆಳ ಇದೆ ಅತ್ತಿಗೆ," ಎಂದ ದರ್ಜಿ, ತಿರುಗಿ ನೋಡದೆ. ಅವನ ಕೈ ಕೋಟಿನ ಒಳಗೆ ಹೋಯಿತು.

ಶಾಲಿನಡಿಯಲ್ಲಿ ಹಗ್ಗ ಒಮ್ಮೆ ಜಗ್ಗಿತು.

ಅವಳು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ತಿರುಗಿ ಎಳೆದಳು.